ಪದ್ಮಿನಿಗೆ ಜಿಪ್ಸಿ ಎಂಜಿನ್ ಕೂರಿಸುವ ಬಗೆ

ಪ್ರೀಮಿಯರ್ ಪದ್ಮಿನಿಯ ಮೂಲ ಎಂಜಿನ್ 1089 ಸಿಸಿ, ನಲವತ್ತು ಅಶ್ವಶಕ್ತಿಯ ಆಸುಪಾಸಿನದು. ಊರೊಳಗಿನ ಓಡಾಟಕ್ಕೆ ಅದು ಸಾಕು. ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕಿ ಹೋಗಬೇಕೆಂದರೆ ಎಂಜಿನ್ ಏದುಸಿರು ಬಿಡುತ್ತದೆ. ಬೇರೆ ಎಂಜಿನ್ ಹುಡುಕುವಾಗ ಶಕ್ತಿಗಿಂತ ಮೊದಲು ನೋಡಬೇಕಾದದ್ದು ಅದು ಕೂರುವ ದಿಕ್ಕನ್ನು. ಪದ್ಮಿನಿಯಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಸ್ವಿಫ್ಟ್, ಎಸ್ಟೀಮ್, ಸ್ಯಾಂಟ್ರೊಗಳಲ್ಲಿ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಅವುಗಳ ಗೇರ್ ಬಾಕ್ಸ್ ಇಲ್ಲಿ ಉಪಯೋಗಕ್ಕೆ ಬಾರದು.

ಉಳಿಯುವುದು ಮಾರುತಿಯ ಮೂರು ಗಾಡಿಗಳು: ಜಿಪ್ಸಿ, ವರ್ಸಾ, ಈಕೋ. ಮೂರರಲ್ಲೂ ಎಂಜಿನ್ ಉದ್ದಕ್ಕಿದೆ. ಆದರೆ ವರ್ಸಾ, ಈಕೋಗಳಲ್ಲಿ ಅದು ಸೀಟಿನ ಕೆಳಗೆ ಕೂರುವಂತೆ ಮಾಡಿದ್ದು; ಗೇರ್ ಲಿವರ್ ದೂರದಿಂದ ಕೆಲಸ ಮಾಡುತ್ತದೆ. ಜಿಪ್ಸಿಯಲ್ಲಿ ಎಂಜಿನ್ ಬಾನೆಟ್ ಕೆಳಗೇ ಇದೆ, ಲಿವರ್ ಗೇರ್ ಬಾಕ್ಸಿನ ಮೇಲೆ ನೇರ ನಿಂತಿದೆ. ಹಾಗಾಗಿ ನಮ್ಮ ಆಯ್ಕೆ ಜಿಪ್ಸಿ ಕಿಂಗ್ ಎಂಪಿಎಫ್ಐ (ಕಾರ್ಬುರೇಟರ್ ಬದಲು ಕಂಪ್ಯೂಟರ್ ಹತೋಟಿಯಲ್ಲಿ ಪೆಟ್ರೋಲ್ ಚಿಮುಕಿಸುವ ಬಗೆ): ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್, ನಿಮಿಷಕ್ಕೆ 6000 ಸುತ್ತಿನಲ್ಲಿ 80 ಅಶ್ವಶಕ್ತಿ, ಐದು ಗೇರ್. ಬ್ಲಾಕ್ ಅಲ್ಯೂಮಿನಿಯಂ. ಪದ್ಮಿನಿಯ ಮೂಲ ಫಿಯಟ್ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು. ಅಂದರೆ ಶಕ್ತಿ ದುಪ್ಪಟ್ಟಾದರೂ ಗಾಡಿಯ ಮೂತಿಯ ಭಾರ ಹೆಚ್ಚುವುದಿಲ್ಲ. ಬಿಡಿಭಾಗವೂ ತಾಲ್ಲೂಕು ಮಟ್ಟದ ಅಂಗಡಿಯಲ್ಲೇ ಸಿಗುತ್ತದೆ.

ಯಾವ ಪದ್ಮಿನಿಯನ್ನು ಮುಟ್ಟಬಾರದು

ಫಿಯಟ್ ಅಭಿಮಾನಿಗಳು ಈ ಕೆಲಸವನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ಒಂದು ಭಾಗ ಪೂರ್ತಿ ಸರಿ. ಮೂಲ ಎಂಜಿನ್, ಮೂಲ ನಂಬರ್, ಕಾಲಂ ಗೇರ್ (ಸ್ಟಿಯರಿಂಗ್ ಕಂಬದ ಮೇಲಿನ ಗೇರ್ ಲಿವರ್) ಎಲ್ಲ ಇದ್ದು ಓಡುತ್ತಿರುವ 1100 ಡಿಲೈಟ್ ಅಥವಾ ಎಪ್ಪತ್ತರ ದಶಕದ ಪದ್ಮಿನಿಗೆ ಕೈ ಹಾಕಬೇಡಿ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಆದರೆ ಷಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗದೆ ಮೂಲ ಸ್ಥಿತಿಯಲ್ಲಿರಬೇಕು. ಎಂಜಿನ್ ಬದಲಿಸಿದ ದಿನ ಆ ಹಕ್ಕು ಹೋಗುತ್ತದೆ.

ಅವರ ಇನ್ನೊಂದು ಮಾತು, ಫಿಯಟ್ ಬಾಡಿಗೆ ಜಪಾನಿ ಎಂಜಿನ್ ಹಾಕುವುದೇ ತಪ್ಪು ಎನ್ನುವುದು. ಇದನ್ನು ಒಪ್ಪಲಾಗದು. ಪ್ರೀಮಿಯರ್ ಕಂಪನಿಯೇ 118ಎನ್ಇ ಕಾರಿನಲ್ಲಿ ಫಿಯಟ್ 124ರ ಬಾಡಿಗೆ ನಿಸ್ಸಾನ್ ಎ12 ಎಂಜಿನ್ ಕೂರಿಸಿ ಮಾರಿತು. ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್‌ಗೆ ಇಸುಜು 1.8 ಲೀಟರ್ ಎಂಜಿನ್ ಹಾಕಿತು. ಇವತ್ತು ರಸ್ತೆಯಲ್ಲಿ ಉಳಿದಿರುವ ಅಂಬಾಸಿಡರ್‌ಗಳಲ್ಲಿ ಜನ ಹುಡುಕಿಕೊಂಡು ಹೋಗುವುದು ಅದನ್ನೇ.

ಈ ಕೆಲಸಕ್ಕೆ ತಕ್ಕದ್ದು ಎಂಜಿನ್ ಆಗಲೇ ಹೋಗಿರುವ, ಇಲ್ಲವೇ ಬ್ಲಾಕ್ ಸೀಳಿರುವ ತೊಂಬತ್ತರ ದಶಕದ ಗಾಡಿ. ಬಾಡಿ ಮಾತ್ರ ಗಟ್ಟಿಯಿರಬೇಕು. ಪದ್ಮಿನಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ಮುಂದಿನ ಕ್ರಾಸ್ ಮೆಂಬರ್ (ಎಂಜಿನ್ ಕೆಳಗಿನ ಅಡ್ಡ ತೊಲೆ) ಬೋಲ್ಟ್ ಕೂರುವ ಜಾಗ, ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಕೆಳಮೂಲೆ, ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಹಿಡಿಯುವ ಬ್ರಾಕೆಟ್, ಈ ಮೂರು ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ತುದಿ ಒಳಗಿಳಿದರೆ ಮೊದಲು ಟಿಂಕರಿಂಗ್ ಆಗಬೇಕು, ಎಂಜಿನ್ ಮಾತು ಆಮೇಲೆ.

ಕಾಗದದ ಕೆಲಸ ಮೊದಲು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ಸೇರಿದ 182ಎ(4) ಕಲಂ ಪ್ರಕಾರ ಒಪ್ಪಿಗೆಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಒಂದೇ ತಯಾರಕರ, ಒಂದೇ ಬಗೆಯ ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸುವುದು ಬೇರೆ ವಿಷಯ. ಪ್ರೀಮಿಯರ್ ಬಾಡಿಗೆ ಮಾರುತಿ ಎಂಜಿನ್ ಆ ಸಾಲಿಗೆ ಬರುವುದಿಲ್ಲ.

ಆದ್ದರಿಂದ ಒಂದು ಬೋಲ್ಟ್ ಬಿಚ್ಚುವ ಮೊದಲೇ ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಕೆಎ-06 ಆದರೆ ತುಮಕೂರು, ಕೆಎ-44 ತಿಪಟೂರು, ಕೆಎ-64 ಮಧುಗಿರಿ, ಕೆಎ-07 ಕೋಲಾರ, ಕೆಎ-40 ಚಿಕ್ಕಬಳ್ಳಾಪುರ. ಎಂಜಿನ್ ಎಲ್ಲಿಂದ ಬಂತೆಂಬ ಬಿಲ್, ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು, ಎಂಜಿನ್ ಕಳಚಿದ ದಾನಿ ಗಾಡಿಯ ಆರ್‌ಸಿ ರದ್ದಾದ ಪ್ರತಿ, ಇವು ಜೊತೆಗಿರಲಿ. ಬಾಯಿಮಾತಿನ ಭರವಸೆ ಸಾಲದು, ಉತ್ತರವೂ ಬರಹದಲ್ಲೇ ಬೇಕು. ಒಪ್ಪಿಗೆ ಸಿಗದಿದ್ದರೆ ಈ ಗಾಡಿ ನಿಮ್ಮ ತೋಟ, ಖಾಸಗಿ ಟ್ರ್ಯಾಕ್, ಪ್ರದರ್ಶನಕ್ಕೆ ಮಾತ್ರ. ಸಾರ್ವಜನಿಕ ರಸ್ತೆಯಲ್ಲಿ ಅಪಘಾತವಾದರೆ ವಿಮೆ ಕಂಪನಿ ಮೊದಲು ನೋಡುವುದೇ ಎಂಜಿನ್ ನಂಬರನ್ನು.

ಇದೇ ಕಾರಣಕ್ಕೆ ಇಡೀ ಕೆಲಸಕ್ಕೆ ಒಂದು ಕಟ್ಟಳೆ ಹಾಕಿಕೊಳ್ಳಿ: ಮತ್ತೆ ಬೋಲ್ಟ್ ಹಾಕಿ ಮೊದಲಿನಂತೆ ಮಾಡಲಾಗದ ಯಾವುದನ್ನೂ ಕತ್ತರಿಸಬಾರದು. ಫಿಯಟ್ಟಿನ ಫೌಂಡೇಷನ್ (ಎಂಜಿನ್ ಕೂರುವ ಆಸರೆ) ಬ್ರಾಕೆಟ್ ಹಾಗೇ ಇರಲಿ, ಹೊಸದು ಅದರ ಪಕ್ಕ ಬರಲಿ. ತೆಗೆದ ಎಂಜಿನ್ನಿನ ಪ್ಲಗ್ ರಂಧ್ರಗಳಿಗೆ ಎರಡೆರಡು ಚಮಚ ಆಯಿಲ್ ಬಿಟ್ಟು, ಎರಡು ಸುತ್ತು ಕೈಯಿಂದ ತಿರುಗಿಸಿ, ತೂತುಗಳನ್ನೆಲ್ಲ ಮುಚ್ಚಿ ಮರದ ಹಲಗೆ ಮೇಲಿಡಿ. ಕಾಲಂ ಗೇರಿನ ಕಡ್ಡಿಗಳಿಗೆ ಚೀಟಿ ಕಟ್ಟಿ ಒಂದೇ ಡಬ್ಬದಲ್ಲಿಡಿ. ಕಟ್ಟಾ ಫಿಯಟ್ ಅಭಿಮಾನಿಗೂ ಸಮಾಧಾನವಾಗುವ ಏಕೈಕ ಉತ್ತರ ಇದು.

ಎಂಜಿನ್ ಕೊಳ್ಳುವಾಗ

ಬಿಡಿ ಎಂಜಿನ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಕೇಬಲ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಏರ್ ಫಿಲ್ಟರ್ ಡಬ್ಬ, ಆಕ್ಸಿಜನ್ ಸೆನ್ಸರ್, ಆಲ್ಟರ್ನೇಟರ್, ಸೆಲ್ಫ್ ಮೋಟಾರ್, ಫ್ಯೂಯಲ್ ಪಂಪ್ ರಿಲೇ, ಆಕ್ಸಿಲೇಟರ್ ಪೆಡಲ್, ಇವೆಲ್ಲ ಒಂದೇ ಗಾಡಿಯಿಂದ ಬರಬೇಕು. ಇಮ್ಮೊಬಿಲೈಸರ್ ಇರುವ ಗಾಡಿಯದಾದರೆ ಕೀ ಮತ್ತು ಅದರ ಪೆಟ್ಟಿಗೆಯೂ ಸೇರಿ. ಇಲ್ಲದಿದ್ದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ವೈರಿಂಗನ್ನು ಕತ್ತರಿಸಿ ಮಾರುವ ರೂಢಿ ಇದೆ. ಕಟ್ ಆದ ವೈರಿಂಗ್ ಬೇಡವೇ ಬೇಡ ಎನ್ನಿ. ಅದನ್ನು ಜೋಡಿಸುವ ಕೂಲಿ ಎಂಜಿನ್ ಬೆಲೆಯ ಹತ್ತಿರ ಹೋಗುತ್ತದೆ.

ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲೇಟರ್ ಪೂರ್ತಿ ತೆರೆದು ಕಂಪ್ರೆಷನ್ ನೋಡಿ. ಚೆನ್ನಾಗಿರುವ ಎಂಜಿನ್ ಚದರ ಸೆಂ.ಮೀ.ಗೆ 14 ಕೆಜಿ ಸುತ್ತಮುತ್ತ ತೋರಿಸುತ್ತದೆ. 12ಕ್ಕಿಂತ ಕಡಿಮೆ ಬಂದರೆ, ಇಲ್ಲವೇ ನಾಲ್ಕರ ನಡುವೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಲೆಯಲ್ಲಿ ಕೆಲಸದ ಖರ್ಚು ಕಳೆದು ಮಾತಾಡಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹಿಂದು-ಮುಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಬದಲಿಸಿ. ಪಂಪ್ ತೆಗೆಯಲು ಹೇಗಿದ್ದರೂ ಬೆಲ್ಟ್ ಬಿಚ್ಚಬೇಕು. ಎರಡನ್ನೂ ಒಟ್ಟಿಗೆ ಮುಗಿಸುವುದೇ ಸರಿ. ಎಂಜಿನ್ನಿಗೆ ಎಷ್ಟು ಹಣ ಕೊಟ್ಟಿರೋ ಕಡಿಮೆಯೆಂದರೂ ಅಷ್ಟನ್ನೇ ಉಳಿದ ಕೆಲಸಕ್ಕೆ ಎತ್ತಿಡಿ.

ಕೂರಿಸುವುದು

ಮೊದಲು ಖಾಲಿ ಬ್ಲಾಕ್ ಮತ್ತು ಗೇರ್ ಬಾಕ್ಸ್ ಜೋಡಿಸಿ ಚೈನ್ ಬ್ಲಾಕ್‌ನಲ್ಲಿ ಇಳಿಸಿ ನೋಡಿ. ಗಾಡಿ ನಾಲ್ಕು ಚಕ್ರದ ಮೇಲೆ ಸಮತಟ್ಟಾಗಿ ನಿಂತಿರಬೇಕು, ಜಾಕಿ ಮೇಲಲ್ಲ. ಜಾಕಿ ಮೇಲಿದ್ದರೆ ಹಿಂದಿನ ಆಕ್ಸಲ್ ಜೋತುಬಿದ್ದು ಕೋನವೆಲ್ಲ ಸುಳ್ಳು ತೋರಿಸುತ್ತದೆ.

ನೋಡಬೇಕಾದ ಜಾಗಗಳು ನಾಲ್ಕು. ಆಯಿಲ್ ಚೇಂಬರಿಗೂ (ಎಂಜಿನ್ ತಳದ ಆಯಿಲ್ ತೊಟ್ಟಿ) ಮುಂದಿನ ಕ್ರಾಸ್ ಮೆಂಬರಿಗೂ ಕನಿಷ್ಠ 20 ಮಿ.ಮೀ. ಅಂತರ. ಸ್ಟಿಯರಿಂಗ್ ಬಾಕ್ಸ್ ಮತ್ತು ಕಡ್ಡಿಗಳಿಗೂ ಎಂಜಿನ್ನಿಗೂ 25 ಮಿ.ಮೀ.; ಇದನ್ನು ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಬೇಕು. ಫೈರ್‌ವಾಲಿಗೂ ಹೆಡ್ಡಿನ ಹಿಂಭಾಗಕ್ಕೂ ಕೈ ಹೋಗುವಷ್ಟು ಜಾಗ. ಬಾನೆಟ್ ಮುಚ್ಚಿದಾಗ ಇನ್‌ಟೇಕ್ ಮೇಲೆ 20 ಮಿ.ಮೀ. ಈ ಕೊನೆಯದನ್ನು ಅಳೆಯಲು ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ತೆಗೆದು, ಒತ್ತಿದ ಉಂಡೆಯ ದಪ್ಪ ನೋಡಿ.

ಚೇಂಬರ್ ಕ್ರಾಸ್ ಮೆಂಬರಿಗೆ ತಾಗಿದರೆ ಎಂಜಿನ್ ಮೇಲೆತ್ತುವುದು ಎಲ್ಲರಿಗೂ ಹೊಳೆಯುವ ಉಪಾಯ. ಮಾಡಬೇಡಿ. ಎತ್ತಿದರೆ ಬಾನೆಟ್ ಮುಚ್ಚದು, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಜಾಯಿಂಟ್ ಶಾಫ್ಟಿನ ಕೋನ ಕೆಡುತ್ತದೆ. ಕ್ರಾಸ್ ಮೆಂಬರನ್ನಂತೂ ಕತ್ತರಿಸಲೇಬಾರದು; ಮುಂದಿನ ವಿಷ್‌ಬೋನ್‌ಗಳೆಲ್ಲ (ಮುಂದಿನ ಚಕ್ರ ಹಿಡಿಯುವ ತೋಳುಗಳು) ನಿಂತಿರುವುದು ಅದರ ಮೇಲೆ. ಬದಲಿಸಬೇಕಾದದ್ದು ಚೇಂಬರನ್ನು. ಅದು ತಗಡಿನದು, ತಾಗುವ ಭಾಗ ಕೊಯ್ದು, ಅಷ್ಟೇ ಅಳತೆಯನ್ನು ತಾಗದ ಕಡೆ ಸೇರಿಸಿ ಬೆಸೆಯಬಹುದು. ಒಳಗಿನ ಆಯಿಲ್ ಎಳೆಯುವ ಜಾಲರಿ ತಳದಿಂದ 6ರಿಂದ 8 ಮಿ.ಮೀ. ಮೇಲಿರಬೇಕು. ಹತ್ತಿರವಾದರೆ ಆಯಿಲ್ ಎಳೆಯದು, ದೂರವಾದರೆ ತಿರುವಿನಲ್ಲಿ ಗಾಳಿ ಎಳೆದು ಬೇರಿಂಗ್ ಹೋಗುತ್ತದೆ. ಬೆಸುಗೆ ಪರೀಕ್ಷಿಸಲು ಹೊರಗಿನಿಂದ ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ಕಲಸಿ ಬಳಿದು ಒಣಗಿಸಿ, ಒಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ತುಂಬಿ ಒಂದು ರಾತ್ರಿ ಬಿಡಿ. ಸೋರುವ ಕಡೆ ಬಿಳುಪಿನ ಮೇಲೆ ಒದ್ದೆ ಗೆರೆ ಮೂಡುತ್ತದೆ. ಚೇಂಬರಿನ ಆಕಾರ ಬದಲಾದ ಮೇಲೆ ಡಿಪ್‌ಸ್ಟಿಕ್ಕಿನ ಹಳೇ ಗುರುತು ನಂಬುವಂತಿಲ್ಲ. ಖಾಲಿ ಎಂಜಿನ್ನಿಗೆ ಕಂಪನಿ ಹೇಳಿದಷ್ಟು ಆಯಿಲನ್ನು ಅಳೆದು ಹಾಕಿ, ಫಿಲ್ಟರ್ ತುಂಬುವಂತೆ ಒಮ್ಮೆ ಓಡಿಸಿ, ನಿಂತ ಮೇಲೆ ಹೊಸ ಗುರುತು ಕೊರೆಯಿರಿ.

ಫೌಂಡೇಷನ್ನಿಗೆ ಜಿಪ್ಸಿಯದೇ ರಬ್ಬರ್ ಬಳಸಿ. ಬಾಡಿ ಕಡೆಯ ಬ್ರಾಕೆಟ್ 5 ಮಿ.ಮೀ. ಪ್ಲೇಟಿನದಿರಲಿ, ಅದರ ಹಿಂದೆ ಬಾಡಿಯ ತಗಡಿಗೆ ಭಾರ ಹಂಚುವ ಅಗಲದ ಪ್ಲೇಟ್ ಕೊಟ್ಟು 10 ಮಿ.ಮೀ. ಹೈ-ಟೆನ್ಸೈಲ್ ಬೋಲ್ಟಿನಲ್ಲಿ ಬಿಗಿಯಿರಿ. ತೆಳು ತಗಡಿಗೆ ನೇರ ಬೆಸೆದ ಬ್ರಾಕೆಟ್ ವರ್ಷದೊಳಗೆ ಸುತ್ತಲಿನ ತಗಡನ್ನೇ ಹರಿಯುತ್ತದೆ. ಮೊದಲು ಟ್ಯಾಕ್ (ಚುಕ್ಕೆ ಬೆಸುಗೆ) ಮಾತ್ರ ಹೊಡೆದು, ಎಂಜಿನ್ ಕೂರಿಸಿ, ಎಲ್ಲ ಅಂತರ ಮತ್ತೆ ನೋಡಿ, ಆಮೇಲೆ ಬ್ರಾಕೆಟ್ ಬಿಚ್ಚಿ ಹೊರಗೆ ಪೂರ್ತಿ ವೆಲ್ಡ್ ಮಾಡಿಸಿ. ಗಾಡಿಯ ಮೇಲೆ ವೆಲ್ಡಿಂಗ್ ಇದ್ದರೆ ಬ್ಯಾಟರಿ ಎರಡೂ ತುದಿ, ಆಲ್ಟರ್ನೇಟರ್, ಇಸಿಯು ಪ್ಲಗ್ ತೆಗೆದಿರಬೇಕು. ಹಿರೇಹಳ್ಳಿ, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ಬ್ರಾಕೆಟ್‌ಗೆ ಲೇಸರ್ ಕಟಿಂಗ್ ಮಾಡಿಕೊಡುವವರಿದ್ದಾರೆ. ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಕೊಂಡೊಯ್ಯಿರಿ.

ಗೇರ್ ಬಾಕ್ಸಿನಿಂದ ಹಿಂದಕ್ಕೆ

ಜಿಪ್ಸಿಯಲ್ಲಿ ಫೋರ್ ವೀಲ್ ಡ್ರೈವಿನ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಈ ಕೆಲಸ ಸಾಧ್ಯವಾಗುವುದೇ ಅದರಿಂದ. ಟ್ರಾನ್ಸ್‌ಫರ್ ಕೇಸನ್ನು ಬಿಟ್ಟು, ಗೇರ್ ಬಾಕ್ಸಿನ ಹಿಂದಿನ ಫ್ಲಾಂಜಿಗೆ ನೇರವಾಗಿ ಪದ್ಮಿನಿಯ ಜಾಯಿಂಟ್ ಶಾಫ್ಟ್ ಜೋಡಿಸಬಹುದು. ಜಿಪ್ಸಿ ಶಾಫ್ಟಿನ ಮುಂದಿನ ಯೋಕ್ (ಜಾಯಿಂಟ್ ಹಿಡಿಯುವ ಕವಲು), ಪದ್ಮಿನಿ ಶಾಫ್ಟಿನ ಹಿಂಭಾಗ, ನಡುವೆ ಹೊಸ ಟ್ಯೂಬ್. ಲೇತಿನಲ್ಲಿ ಎರಡು ತುದಿಯ ಯೋಕ್ ಒಂದೇ ಸಮದಲ್ಲಿರುವಂತೆ ಕೂರಿಸಿ ಬೆಸೆದು, ಕಡ್ಡಾಯವಾಗಿ ಬ್ಯಾಲೆನ್ಸಿಂಗ್ ಮಾಡಿಸಿ. ಪಟ್ಟಾ ಕುಸಿದಾಗ ಆಕ್ಸಲ್ ಹಿಂದೆ ಮುಂದೆ ಸರಿಯುವುದರಿಂದ ಜಾರುವ ಸ್ಪ್ಲೈನ್ (ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಎಲ್ಲಾದರೂ ಇರಲೇಬೇಕು, ಎರಡೂ ಕಡೆಗೆ 20 ಮಿ.ಮೀ. ಉಳಿಯುವಂತೆ. ಗೇರ್ ಬಾಕ್ಸಿನ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್ಲಿನ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಪಿನಿಯನ್ ಶಾಫ್ಟ್ ಒಂದಕ್ಕೊಂದು ಸಮಾನಾಂತರ ಇರಬೇಕು; ವ್ಯತ್ಯಾಸ 1 ಡಿಗ್ರಿ ಮೀರಬಾರದು. ಕ್ರಾಸ್‌ನ (ಯೋಕ್‌ಗಳನ್ನು ಜೋಡಿಸುವ ಜಾಯಿಂಟ್) ಕೋನ 1ರಿಂದ 3 ಡಿಗ್ರಿ ಇರಲಿ. ಕೋನ ನೋಡಲು ಮೊಬೈಲ್ ಫೋನಿನ ಲೆವೆಲ್ ಸಾಕು.

ಡಿಫರೆನ್ಷಿಯಲ್ ಅನುಪಾತ ಎಷ್ಟೆಂದು ಪುಸ್ತಕ ನೋಡಿ ನಂಬುವುದಕ್ಕಿಂತ ನಿಮ್ಮ ಗಾಡಿಯದನ್ನೇ ಎಣಿಸಿ. ಹಿಂದಿನ ಎರಡೂ ಚಕ್ರ ಎತ್ತಿ, ಎರಡನ್ನೂ ಒಟ್ಟಿಗೆ ಹತ್ತು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತು ತಿರುಗಿತು ನೋಡಿ. 43 ಬಂದರೆ 4.3. ಟೈರ್ ಒಂದು ಸುತ್ತಿಗೆ 1.85 ಮೀಟರ್ ಹೋಗುತ್ತದೆ ಎಂದುಕೊಂಡರೆ, ಗಂಟೆಗೆ 80 ಕಿ.ಮೀ. ವೇಗಕ್ಕೆ ನಾಲ್ಕನೇ ಗೇರಿನಲ್ಲಿ ಎಂಜಿನ್ 3,100 ಸುತ್ತು ತಿರುಗಬೇಕು. ಜಿಪ್ಸಿಯ ಐದನೇ ಗೇರು 0.795, ಅಲ್ಲಿ ಸುಮಾರು 2,460 ಸಾಕು. ಈ ಬದಲಾವಣೆಯಿಂದ ಬರುವ ನಿಜವಾದ ಸುಖ ಇದು, 80 ಅಶ್ವಶಕ್ತಿಯಲ್ಲ. ಹಿಂದಿನ ಆಕ್ಸಲ್ ಹಳೆಯದೇ ಆದ್ದರಿಂದ ಕ್ಲಚ್ಚನ್ನು ತಟ್ಟನೆ ಬಿಟ್ಟು ಚಿಮ್ಮಿಸುವ ಅಭ್ಯಾಸ ಬೇಡ; ಆಕ್ಸಲ್ ಶಾಫ್ಟ್ ಮುರಿಯುತ್ತದೆ.

ಸ್ಪೀಡೋಮೀಟರಿನ ಕೇಬಲ್ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸಿನಿಂದ ಬರುತ್ತದೆ. ಅದನ್ನು ಬಿಟ್ಟ ಮೇಲೆ ಸ್ಪೀಡೋಮೀಟರ್ ಸತ್ತಂತೆ. ಶಾಫ್ಟಿನ ಫ್ಲಾಂಜಿಗೆ ಮ್ಯಾಗ್ನೆಟ್ ಅಂಟಿಸಿ ಆ ಮ್ಯಾಗ್ನೆಟ್ ಗುರುತಿಸುವ ಹಾಲ್ ಸೆನ್ಸರ್ ಇಡಿ. ಅದೇ ಸಂಕೇತವನ್ನು ಇಸಿಯುಗೂ ಕೊಡಿ. ವೇಗದ ಸಂಕೇತ ಸಿಗದಿದ್ದರೆ ಚೆಕ್ ಎಂಜಿನ್ ದೀಪ ಉರಿಯಬಹುದು, ಬ್ರೇಕ್ ಒತ್ತಿ ನಿಲ್ಲುವಾಗ ಐಡಲ್ ಬಿದ್ದು ಎಂಜಿನ್ ಆಫ್ ಆಗಬಹುದು.

ಲಿವರ್ ಬರುವ ಕಡೆ ಟನಲ್ಲಿಗೆ (ಸೀಟುಗಳ ನಡುವೆ ನೆಲದ ಉಬ್ಬು) ರಂಧ್ರ ಬೇಕು. ಇಡೀ ಕೆಲಸದಲ್ಲಿ ತಪ್ಪಿಸಲಾಗದ ಕತ್ತರಿಕೆ ಇದೊಂದೇ. ಕತ್ತರಿಸಿದ ತುಂಡನ್ನು ಬಿಸಾಡದೆ, ಸುತ್ತ ಚೌಕಟ್ಟು ಕೊಟ್ಟು ಬೋಲ್ಟ್ ಹಾಕಿ ಮುಚ್ಚುವಂತೆ ಮಾಡಿಡಿ. ಗೇರ್ ಬಾಕ್ಸಿಗೆ ಜಿಎಲ್-4 ಆಯಿಲ್ ಹಾಕಿ. ಜಿಎಲ್-5 ಹಿತ್ತಾಳೆಯ ಸಿಂಕ್ರೊ ರಿಂಗನ್ನು ಹಾಳುಮಾಡಬಹುದು. ಡಿಫರೆನ್ಷಿಯಲ್ಲಿಗೆ ಇಪಿ-90.

ಪೆಟ್ರೋಲ್ ಮತ್ತು ವೈರಿಂಗ್

ಕಾರ್ಬುರೇಟರ್ ಗಾಡಿಯ ಪೈಪಿನಲ್ಲಿ ಒತ್ತಡವೇ ಇಲ್ಲವೆನ್ನಬಹುದು. ಎಂಪಿಎಫ್ಐಗೆ 3 ಬಾರ್ ಹತ್ತಿರದ ಒತ್ತಡ ಬೇಕು. ಹಳೇ ರಬ್ಬರ್ ಹೋಸ್ ಬಳಸಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ, ಗಾಡಿ ಹೊತ್ತಿ ಉರಿಯುತ್ತದೆ. ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ ಹೋಸನ್ನೇ ಕೇಳಿ. ಕ್ಲಿಪ್ಪೂ ರಬ್ಬರ್ ಕೊಯ್ಯದ ಇಂಜೆಕ್ಷನ್ ಬಗೆಯದೇ ಇರಲಿ. ಟ್ಯಾಂಕ್ ತೆಗೆದು ಒಳಗಿನ ತುಕ್ಕು ಪೂರ್ತಿ ತೊಳೆಸಿ, ವಾಪಸ್ ಬರುವ ಪೈಪಿಗೆ ಹೊಸ ನಿಪ್ಪಲ್ ಹಾಕಿಸಿ. ಪೆಟ್ರೋಲ್ ಇದ್ದ ಟ್ಯಾಂಕಿಗೆ ಬೆಸುಗೆ ಹಾಕುವ ಕೆಲಸ ಆ ಕೆಲಸ ಬಲ್ಲವರಿಗೇ ಬಿಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು. ಪದ್ಮಿನಿಯ ಟ್ಯಾಂಕಿನೊಳಗೆ ತಡೆ ಇಲ್ಲ, ಕಾಲು ಟ್ಯಾಂಕಿನಲ್ಲಿ ತಿರುವು ಬಂದರೆ ಪಂಪ್ ಗಾಳಿ ಎಳೆಯುತ್ತದೆ. ಅದಕ್ಕೆ ನಡುವೆ 1ರಿಂದ 1.5 ಲೀಟರಿನ ಸ್ವರ್ಲ್ ಪಾಟ್ (ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಇಡುವ ಚಿಕ್ಕ ಡಬ್ಬ) ಇಡಿ. ಪಂಪಿಗೆ ಮೊದಲು 100 ಮೈಕ್ರಾನ್ ಜಾಲರಿ, ನಂತರ 10 ಮೈಕ್ರಾನ್ ಫಿಲ್ಟರ್.

ಪಂಪನ್ನು ಇಗ್ನಿಷನ್‌ಗೆ ನೇರ ಕೊಡಬೇಡಿ. ಇಸಿಯು ನಡೆಸುವ ರಿಲೇ ಮೂಲಕವೇ ಕೊಡಿ. ಆಗ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಜೊತೆಗೆ ಡಿಕ್ಕಿಯಾದಾಗ ಸಂಪರ್ಕ ಕಡಿಯುವ ಇನರ್ಷಿಯಾ ಸ್ವಿಚ್ ಒಂದು.

ವೈರಿಂಗ್‌ನಲ್ಲಿ ಪದ್ಮಿನಿಯ ಲೈಟು, ಹಾರನ್, ವೈಪರ್ ಸರ್ಕ್ಯೂಟ್ ಹಾಗೇ ಬಿಡಿ. ಜಿಪ್ಸಿಯ ಎಂಜಿನ್ ವೈರಿಂಗ್ ಪ್ರತ್ಯೇಕ ನಿಲ್ಲಬೇಕು. ಎರಡೂ ಸೇರುವುದು ಕೆಲವೇ ಕಡೆ: ಬ್ಯಾಟರಿ ನೇರ ಸಪ್ಲೈ, ಇಗ್ನಿಷನ್ ಕೀ, ಸೆಲ್ಫ್, ಚೆಕ್ ಎಂಜಿನ್ ದೀಪ, ಅರ್ತ್. ಇಸಿಯು ಕ್ಯಾಬಿನ್ನಿನೊಳಗೆ, ಕಾಲಿನ ಮೇಲ್ಭಾಗದಲ್ಲಿ ನೀರು ಬೀಳದ ಕಡೆ ಇರಲಿ. ಪದ್ಮಿನಿಯ ಟೆಂಪರೇಚರ್ ಮುಳ್ಳಿಗೆ ಪದ್ಮಿನಿಯ ಸೆನ್ಸರನ್ನೇ ಅಡಾಪ್ಟರ್ ಕೊಟ್ಟು ಹೆಡ್ಡಿಗೆ ಕೂರಿಸಿ. ಇಸಿಯುವಿನ ಸೆನ್ಸರಿನಿಂದ ಮೀಟರಿಗೆ ವೈರ್ ಎಳೆದರೆ ಎರಡರ ಓದೂ ಕೆಡುತ್ತದೆ. ಎಂಜಿನ್ ಬ್ಲಾಕಿನಿಂದ ಬಾಡಿಗೆ 16 ಚದರ ಮಿ.ಮೀ.ನ ಅರ್ತ್ ಪಟ್ಟಿ ಮರೆಯಬಾರದು. ಎಂಜಿನ್ ರಬ್ಬರ್ ಮೇಲೆ ಕೂತಿದೆ, ಈ ಪಟ್ಟಿ ಇಲ್ಲದಿದ್ದರೆ ಸೆಲ್ಫಿನ ಕರೆಂಟೆಲ್ಲ ಕ್ಲಚ್ ಕೇಬಲ್, ಆಕ್ಸಿಲೇಟರ್ ಕೇಬಲ್ ಹಿಡಿದು ವಾಪಸ್ ಹೋಗುತ್ತದೆ. ಸ್ಟಾರ್ಟ್ ಮಾಡುವಾಗ ಕ್ಲಚ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ ಕಾರಣ ಇದೇ.

ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಿ. ಆಕ್ಸಿಜನ್ ಸೆನ್ಸರಿನ ಬುಷ್ ಎಂ18×1.5 ಥ್ರೆಡ್ಡಿನದು, ಸೆನ್ಸರ್ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲೆ ಮುಖ ಮಾಡಿರಲಿ, ಕೆಳಮುಖವಾದರೆ ಸೈಲೆನ್ಸರಿನ ನೀರು ನಿಂತು ಸೀಳುತ್ತದೆ.

ನೀರು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಹಳೇ ಬೀಡಿನ ಎಂಜಿನ್ ಇಂಥ ನೀರು ಕುಡಿದು ವರ್ಷಗಟ್ಟಲೆ ಓಡಿದೆ. ಆದರೆ ಅಲ್ಯೂಮಿನಿಯಂ ಬ್ಲಾಕ್ ಅದನ್ನು ತಾಳದು: ರೇಡಿಯೇಟರ್ ಕೊಳವೆಯಲ್ಲಿ ಹಿಟ್ಟು ಕಟ್ಟುತ್ತದೆ, ಹೆಡ್ಡಿನ ನೀರಿನ ದಾರಿ ಕೊರೆದು ಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ ಹಾಕಿ, ದಾರಿಯಲ್ಲಿ ತುಂಬಿಸಲು ಅದೇ ಮಿಶ್ರಣದ ಎರಡು ಲೀಟರ್ ಡಿಕ್ಕಿಯಲ್ಲಿರಲಿ.

ಪದ್ಮಿನಿಯ ರೇಡಿಯೇಟರ್ 80 ಅಶ್ವಶಕ್ತಿಗೆ ಸಾಲದು. ಜಿಪ್ಸಿಯದನ್ನು ಕೂರಿಸಿ, ಅಗಲ ಹೊಂದದಿದ್ದರೆ ಪದ್ಮಿನಿಯ ಟ್ಯಾಂಕಿಗೆ ಹೆಚ್ಚು ಸಾಲಿನ ಕೋರ್ ಹಾಕಿಸಿ. ಫ್ಯಾನ್ 12 ಇಂಚಿನ ಎಲೆಕ್ಟ್ರಿಕ್, ಗಾಳಿ ಎಳೆಯುವ ಬಗೆಯದು, ಸುತ್ತ ಶ್ರೌಡ್ (ಗಾಳಿ ಚದುರದಂತೆ ತಡೆಯುವ ಕವಚ) ಇರಲೇಬೇಕು. 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ಸ್ವಿಚ್, 30 ಆಂಪಿಯರ್ ರಿಲೇ. ರೇಡಿಯೇಟರ್ ಬಾಯಿ ಎಂಜಿನ್ನಿಗಿಂತ ತಗ್ಗಿದ್ದರೆ ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಮೂತಿ ಎತ್ತಿ ನಿಲ್ಲಿಸಿ ನಿಧಾನವಾಗಿ ತುಂಬಿ.

ಬ್ರೇಕ್

ಬ್ರೇಕ್ ಮುಗಿಯದೆ ಹೊಸ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ ಎನ್ನುವಷ್ಟು ಇದು ಮುಖ್ಯ. ನಾಲ್ಕೂ ಡ್ರಮ್ ಇರುವ ಗಾಡಿ ಈಗ ದುಪ್ಪಟ್ಟು ಶಕ್ತಿಯಲ್ಲಿ ಓಡಲಿದೆ. ಕನಿಷ್ಠವೆಂದರೆ ನಾಲ್ಕೂ ಡ್ರಮ್ ಲೇತಿಗೆ ಕೊಟ್ಟು, ವೀಲ್ ಸಿಲಿಂಡರ್, ಲೈನಿಂಗ್, ರಬ್ಬರ್ ಹೋಸ್ ಎಲ್ಲ ಹೊಸದಾಗಿ, ಮಾಸ್ಟರ್ ಸಿಲಿಂಡರ್ ಎರಡು ಸರ್ಕ್ಯೂಟಿನದು. ಒಂದು ಪೈಪ್ ಹೋದರೂ ಎರಡು ಚಕ್ರದ ಬ್ರೇಕ್ ಉಳಿಯಬೇಕು. ಮುಂದೆ ಡಿಸ್ಕ್ ಹಾಕಿಸಿದರೆ ಕ್ಯಾಲಿಪರ್ ಬ್ರಾಕೆಟ್ 10 ಮಿ.ಮೀ. ಪ್ಲೇಟಿನದು, ಸ್ಟಬ್ ಆಕ್ಸಲ್ಲಿಗೆ ಬೋಲ್ಟಿನಲ್ಲೇ ಕೂರಬೇಕು, ವೆಲ್ಡಿಂಗ್ ಕೂಡದು. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಒತ್ತಡ ಉಳಿಸುವ ಚಿಕ್ಕ ವಾಲ್ವ್ ಇರುತ್ತದೆ. ಡಿಸ್ಕ್ ಸಾಲಿನದನ್ನು ತೆಗೆಯದಿದ್ದರೆ ಪ್ಯಾಡ್ ಸದಾ ಉಜ್ಜಿ ಚಕ್ರ ಬಿಸಿಯಾಗುತ್ತದೆ. ಬ್ರೇಕ್ ಹಗುರ ಮಾಡುವ ಸರ್ವೊ ಇಟ್ಟರೆ ವ್ಯಾಕ್ಯೂಮ್ ಪೈಪ್ ಇನ್‌ಟೇಕಿನಿಂದ, ಒನ್ ವೇ ವಾಲ್ವ್ ಸಮೇತ.

ಮೊದಲ ಸ್ಟಾರ್ಟ್

ಪ್ಲಗ್ ನಾಲ್ಕೂ ತೆಗೆದು, ಪಂಪ್ ಮತ್ತು ಇಂಜೆಕ್ಟರ್ ಫ್ಯೂಸ್ ಕಿತ್ತು, ಆಯಿಲ್ ದೀಪ ಆರುವ ತನಕ ಸೆಲ್ಫ್ ಹೊಡೆಯಿರಿ. ಒಂದು ಬಾರಿಗೆ ಹತ್ತು ಸೆಕೆಂಡ್ ಮೀರದಂತೆ. ಆಮೇಲೆ ಪ್ಲಗ್, ಫ್ಯೂಸ್ ಹಾಕಿ, ಕೀ ನಾಲ್ಕೈದು ಸಲ ಆನ್-ಆಫ್ ಮಾಡಿ ಪೈಪಿಗೆ ಒತ್ತಡ ತುಂಬಿಸಿ, ಪ್ರತಿ ಜಾಯಿಂಟನ್ನು ಒಣ ಬಟ್ಟೆಯಲ್ಲಿ ಒರೆಸಿ ಮೂಸಿ ನೋಡಿ. ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವಂತಿರಲಿ. ಸ್ಟಾರ್ಟ್ ಆದ ಮೇಲೆ ಫ್ಯಾನ್ ತಾನಾಗಿ ಎರಡು ಸಲ ಆನ್ ಆಗಿ ನಿಲ್ಲುವ ತನಕ ನಿಂತಲ್ಲೇ ಓಡಿಸಿ.

ಓಡಿಸುವಾಗ ಬರುವ ತೊಂದರೆಗಳನ್ನು ಹೀಗೆ ಬೇರ್ಪಡಿಸಿ. ಟ್ರಾಫಿಕ್ಕಿನಲ್ಲಿ ಬಿಸಿಯಾಗಿ ಓಡುವಾಗ ತಣ್ಣಗಾದರೆ ಫ್ಯಾನ್ ಅಥವಾ ಶ್ರೌಡ್. ಓಡುವಾಗಲೇ ಬಿಸಿಯಾದರೆ ರೇಡಿಯೇಟರ್ ಕೋರ್, ಥರ್ಮೋಸ್ಟಾಟ್ ಅಥವಾ ಸಿಕ್ಕಿಕೊಂಡ ಗಾಳಿ. 60-70ರಲ್ಲಿ ಗಾಡಿ ನಡುಗಿದರೆ ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿ: ನಡುಕ ಉಳಿದರೆ ಜಾಯಿಂಟ್ ಶಾಫ್ಟ್ ಇಲ್ಲವೇ ಚಕ್ರದ ಬ್ಯಾಲೆನ್ಸ್, ನಿಂತರೆ ಫೌಂಡೇಷನ್ ಅಥವಾ ಎಲ್ಲೋ ಬಾಡಿಗೆ ತಾಗುತ್ತಿರುವ ಸೈಲೆನ್ಸರ್. ಗೇರ್ ಬದಲಿಸುವಾಗ ಮಾತ್ರ ಠಕ್ ಎಂದರೆ ಕ್ರಾಸ್ ಅಥವಾ ಸೆಂಟರ್ ಬೇರಿಂಗ್. ಏರಿಗೆ ಆಕ್ಸಿಲೇಟರ್ ಒತ್ತಿದಾಗ ಎಳೆಯದೆ ಕೆಮ್ಮಿದರೆ ಪೆಟ್ರೋಲ್ ಒತ್ತಡ ಅಳೆಯಿರಿ, ಹೆಚ್ಚಿನ ಸಲ ತುಂಬಿಕೊಂಡ ಫಿಲ್ಟರ್. ಹಳೇ ಟ್ಯಾಂಕಿನ ತುಕ್ಕು ಮೊದಲ ತಿಂಗಳು ಬಂದೇ ಬರುತ್ತದೆ.

ಒಪ್ಪಿಗೆ ಪತ್ರ ಕೈಯಲ್ಲಿದ್ದರೆ ಕೂಲಿಂಗ್ ಪರೀಕ್ಷೆಗೆ ದೇವರಾಯನದುರ್ಗದ ಏರು ಒಳ್ಳೆಯದು, ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟ ಇದೆ. ಏಪ್ರಿಲ್ ಬಿಸಿಲಿನಲ್ಲಿ, ನಾಲ್ಕು ಜನ ಕೂತು, ಎರಡನೇ ಗೇರಿನಲ್ಲಿ ಹತ್ತಿಸಿ. ಇಳಿಯುವಾಗ ಎಂಜಿನ್ ಬ್ರೇಕಿಂಗ್ ಬಳಸಿ, ಕೆಳಗೆ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ.

ಮೊದಲ 500 ಕಿ.ಮೀ. ಆದ ಮೇಲೆ ಫೌಂಡೇಷನ್, ಜಾಯಿಂಟ್ ಫ್ಲಾಂಜ್, ಕ್ಯಾಲಿಪರ್ ಬ್ರಾಕೆಟ್, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಎಲ್ಲ ಬೋಲ್ಟ್ ಟಾರ್ಕ್ ಪಾನಾದಲ್ಲಿ ಮತ್ತೆ ಬಿಗಿಯಿರಿ. ಪೆಟ್ರೋಲ್ ಫಿಲ್ಟರ್, ಎಂಜಿನ್ ಆಯಿಲ್ ಬದಲಿಸಿ. ಮುಂಭಾಗದ ಭಾರ ಬದಲಾಗಿ ಗಾಡಿಯ ಮೂತಿ ಎದ್ದು ಕೂರಬಹುದು. ಎತ್ತರ ಅಳೆದು, ಬೇಕಿದ್ದರೆ ಸ್ಪ್ರಿಂಗ್ ಸರಿಪಡಿಸಿ, ಕ್ಯಾಂಬರ್ ಸಮೇತ ವೀಲ್ ಅಲೈನ್‌ಮೆಂಟ್ ಮಾಡಿಸಿ.